ಕೇಳಿದರೆ ಚಿಕ್ಕವನಾಗುತ್ತೇನೆಂಬ ಭಯ

ಬೇರೆ ಬೇರೆ ಶಾಸ್ತ್ರದವರು ಒಂದೇ ಯೋಜನೆಯಲ್ಲಿ ಕೂಡಿ ದುಡಿಯುವ ಕಡೆಯಿಂದ ಆಪ್ತಸಲಹೆಗೆ ನನ್ನ ಬಳಿ ಬರುವವರು ಹೆಚ್ಚುತ್ತಿದ್ದಾರೆ. ಎಲ್ಲರದೂ ಒಂದೇ ದೂರು: 'ಅವರಿಗೆ ನಮ್ಮ ಕೆಲಸ ಅರ್ಥವಾಗಲ್ಲ.' ಅದಕ್ಕೇ ಈ ಪ್ರಕರಣವನ್ನು ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ಅವರು ಸಂಖ್ಯಾಶಾಸ್ತ್ರಜ್ಞ. ಮಂಗನ ಕಾಯಿಲೆ ಎಲ್ಲಿ ಕಾಣಿಸಿಕೊಳ್ಳಬಹುದೆಂದು ಅಂದಾಜಿಸುವ ನಕ್ಷೆ ಅವರ ಹೊಣೆ. ಆ ಕಾಯಿಲೆ ಹರಡುವ ಉಣುಗನ್ನು ಕಾಡಿನಲ್ಲಿ ಹಿಡಿದು ಲೆಕ್ಕ ಕೊಡುವವರು ಹಿರಿಯ ಪರಿಸರ ವಿಜ್ಞಾನಿ. ಸಭೆಯೊಂದರಲ್ಲಿ ಆಕೆ, 'ಕಾಡಿಗೆ ಕಾಲಿಡದವರು ನಕ್ಷೆ ಮಾಡಿದರೆ ಹೀಗೇ ಆಗೋದು' ಅಂದರಂತೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಯೋಜನೆ ಬಿಡುವ ಮನಸ್ಸಿನಲ್ಲೇ ಬಂದಿದ್ದರು.

ಒಂದು ಭೇಟಿಯಲ್ಲಿ ಲ್ಯಾಪ್‌ಟಾಪ್ ತೆರೆದು ಜಗಳದ ಪಟ್ಟಿಯನ್ನೇ ತೋರಿಸಿದರು. ಉಣುಗು ಹಿಡಿಯುವುದು ನೆಲದ ಮೇಲೆ ಬಿಳಿ ಬಟ್ಟೆ ಎಳೆದು. ಅಕಾಲದಲ್ಲಿ ಮಳೆ ಬಂದು ತರಗೆಲೆ ನೆನೆದರೆ ಬಟ್ಟೆಯೂ ಒದ್ದೆಯಾಗಿ ಉಣುಗು ಹತ್ತುವುದಿಲ್ಲ. ಅಂಥ ದಿನ ತಂಡ ಹೋಗದೆ ಕಾಲಂ ಖಾಲಿ ಬಿಟ್ಟಿತ್ತು. ಇವರು ಅಲ್ಲೆಲ್ಲ ಸೊನ್ನೆ ತುಂಬಿದ್ದರು. ಯಾರೂ ಹುಡುಕದ ಜಾಗ ನಕ್ಷೆಯಲ್ಲಿ ಉಣುಗೇ ಇಲ್ಲದ ಜಾಗವಾಗಿತ್ತು.

'ತುಂಬೋ ಮುಂಚೆ ಅವರನ್ನ ಕೇಳಿದ್ರಾ?'

'ಇಲ್ಲ ಮೇಡಂ. ಇಷ್ಟೂ ಗೊತ್ತಿಲ್ವಾ ಅಂದ್ಕೊಳ್ತಾರೆ ಅನ್ನಿಸ್ತು.' ತಡೆದು ಮತ್ತೆ ಅಂದರು: 'ಅವರೂ ನನ್ನ ಮಾಡೆಲ್ ಬಗ್ಗೆ ಒಂದು ಪ್ರಶ್ನೆ ಕೇಳಿಲ್ಲ. ಅವರಿಗೂ ಹಂಗೇ ಅನ್ಸಿರಬಹುದಾ?'

ಅವರ ಬಾಯಿಂದಲೇ ಬರಲಿ ಎಂದು ನಾನು ಕಾದಿದ್ದು ಇದಕ್ಕೇ.

ಕಚೇರಿಯ ತಕರಾರಿಗೆ ಆಪ್ತಸಲಹೆ ಯಾಕೆ, ಬೇರೆ ತಂಡ ಸೇರಿಕೊಳ್ಳಲಿ ಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ವಿಷಯದಲ್ಲಿ ಪಂಡಿತನಾದವನು ಪಕ್ಕದವರ ವಿಷಯದಲ್ಲಿ ಒಂದನೇ ತರಗತಿಯ ಮಗುವಿನಂತೆ ಕೂರಬೇಕಾಗುತ್ತದೆ. ಆ ನಾಚಿಕೆ ಸುತ್ತೋಲೆಯಿಂದ ಹೋಗುವಂಥದ್ದಲ್ಲ, ಮುಂದಿನ ತಂಡಕ್ಕೂ ಜೊತೆಗೇ ಹೋಗುತ್ತದೆ. ಮೇಲಾಗಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯಲ್ಲಿ ವೈರಸ್, ಉಣುಗು, ಮಂಗ, ತರಗೆಲೆ ತರಲು ಹೋಗುವ ಮನುಷ್ಯ ಎಲ್ಲ ಹೆಣೆದುಕೊಂಡಿವೆ. ಒಬ್ಬರ ಓದಿಗೆ ದಕ್ಕುವಂಥದ್ದಲ್ಲ. ನಕ್ಷೆ ತಪ್ಪಿದರೆ ಎಚ್ಚರಿಕೆ ತಲುಪಬೇಕಾದ ಊರೇ ಬಿಟ್ಟುಹೋದೀತು.

ನಾನು ಹೇಳಿದ್ದಿಷ್ಟು: ವಾರಕ್ಕೊಂದು ಗಂಟೆ ಇಬ್ಬರೇ ಕೂತು ಕಚ್ಚಾ ಪಟ್ಟಿ ಓದಿ, ಫಲಿತಾಂಶದ ಮಾತು ಬೇಡ. ಮೊದಲ ಪ್ರಶ್ನೆ ನಿಮ್ಮದಿರಲಿ. ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಂಡು ಒಂದು ದಿನ ಅವರ ಜೊತೆ ಬಟ್ಟೆ ಎಳೆಯಲು ಹೋಗಿ. ಸಭೆಯ ಮಾತು ನೋಯಿಸಿತೆಂದು ಅವರೊಬ್ಬರೇ ಇದ್ದಾಗ ಹೇಳಿಬಿಡಿ.

ಹೋಗಿಬಂದರು. ಪಟ್ಟಿಯಲ್ಲಿ ಈಗ 'ಯಾಕೆ ಖಾಲಿ' ಎಂದು ಬರೆಯುವ ಕಾಲಂ ಸೇರಿದೆ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬ ಬಿಗುಮಾನ ಮಾತ್ರ ಹಾಗೇ ಇದೆ. ಅದಕ್ಕೆ ಇಬ್ಬರೂ ಒಟ್ಟಿಗೇ ಬರಬೇಕೆಂದಿದ್ದೇನೆ.