ಸಿ ರಿಪೋರ್ಟ್ ಅಂದ್ರೆ ಕೇಸ್ ಮುಗೀತು ಅಂತಲ್ಲ
ಅಂಕೋಲಾದಲ್ಲಿ ಅಪ್ಪನ ಕೊಲೆ ಕೇಸಿಗೆ ಪೊಲೀಸ್ರು ತನಿಖೆ ಮುಗಿಸಿ ಕೋರ್ಟಿಗೆ ಸಿ ರಿಪೋರ್ಟ್ ಹಾಕಿದಾರೆ, ಇನ್ನೇನೂ ಮಾಡೋಕಾಗಲ್ವಾ ಅಂತ ಕೇಳಿದ್ರಲ್ಲ, ಆಗ್ತದೆ ಮಾರಾಯ್ರೆ. ಸಿ ಅಂದ್ರೆ ಆರೋಪಿ ಪತ್ತೆ ಆಗಿಲ್ಲ ಅಂತ ಅಷ್ಟೆ, ಮುಂದೆ ಸುಳಿವು ಸಿಕ್ರೆ ಮತ್ತೆ ತನಿಖೆ ಮಾಡ್ಬಹುದು, ಕೊಲೆಗೆ ಕಾಲಮಿತಿ ಇಲ್ಲ. ದೂರು ಕೊಟ್ಟವ್ರಿಗೆ ನೋಟಿಸ್ ಕೊಡದೆ ಕೋರ್ಟು ಕೇಸ್ ಮುಚ್ಚೋ ಹಾಗಿಲ್ಲ, ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನೋಟಿಸ್ ಬಂದ್ರೆ ತಪ್ಪದೆ ಹೋಗಿ, ಕೇಸ್ ಮುಚ್ಚಬೇಡಿ ಅಂತ ತಕರಾರು ಅರ್ಜಿ ಹಾಕಿ, ನಮ್ಮಮ್ಮನ ಕೇಸಲ್ಲಿ ನಾವು ಹೋಗ್ಲೇ ಇಲ್ಲ, ಇವತ್ತಿಗೂ ಹೊಟ್ಟೆ ಉರೀತದೆ. ಮೊದ್ಲು ಪೋಸ್ಟ್‌ಮಾರ್ಟಂ, ಪಂಚನಾಮೆ, ಸಾಕ್ಷಿ ಹೇಳಿಕೆ ಎಲ್ಲದ್ರ ದೃಢೀಕೃತ ನಕಲು ತೆಗೀರಿ, ಪೊಲೀಸ್ರು ಯಾರನ್ನ ಕೇಳೇ ಇಲ್ಲ ಅನ್ನೋದು ಅದ್ರಲ್ಲೇ ಗೊತ್ತಾಗ್ತದೆ. ಇಲ್ಲಿ ಆಗ್ಲಿಲ್ಲ ಅಂದ್ರೆ ಧಾರವಾಡ ಹೈಕೋರ್ಟ್ ಪೀಠ ಇದೆ. ಮತ್ತೆ ನಿಮ್ಮಮ್ಮನ್ನ ಒಬ್ರನ್ನೇ ಕೋರ್ಟಿಗೆ ಕಳಿಸ್ಬೇಡಿ.