ಚದರ ಕಿಲೋಮೀಟರಿನ ಲೆಕ್ಕ ಬಿಡಿ, ಮೊದಲು ಪಾತ್ರವನ್ನು ನಡೆಸಿ ನೋಡಿ

ಹಿಮ, ಮರುಭೂಮಿ, ಮಳೆಕಾಡು ಮೂರೂ ಇರುವ ಫ್ಯಾಂಟಸಿ ವಿಡಿಯೊ ಆಟದ ಲೋಕಕ್ಕೆ ಎಷ್ಟು ಚದರ ಕಿಲೋಮೀಟರ್ ಬೇಕೆಂದು ಕೇಳಿದ್ದೀರಿ. ಮೈಸೂರಿನ ಬಾಡಿಗೆ ಕೋಣೆಯೊಂದರಲ್ಲಿ ಇಬ್ಬರು ಗೆಳೆಯರೊಡನೆ ಆಟ ಕಟ್ಟಲು ಕುಳಿತಾಗ ನಾನು ಮೊದಲು ಬರೆದಿಟ್ಟದ್ದೂ ಇದೇ ಅಂಕಿಯನ್ನು.

ನಮ್ಮ ಕಲ್ಪಿತ ರಾಜ್ಯದ ಎರಡು ಪಟ್ಟಣಗಳ ನಡುವೆ ಮೈಸೂರಿಗೂ ಮಂಡ್ಯಕ್ಕೂ ಇರುವಷ್ಟೇ, ಅಂದರೆ ಸುಮಾರು 45 ಕಿಲೋಮೀಟರ್ ಅಂತರವಿಟ್ಟೆವು. ಬೆಟ್ಟಗಳನ್ನು ಚಾಮುಂಡಿ ಬೆಟ್ಟದಂತೆ ಸುತ್ತಲಿನ ನೆಲದಿಂದ ಹೆಚ್ಚುಕಡಿಮೆ 300 ಮೀಟರ್ ಏರಿಸಿದೆವು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಓಡುವ ಪಾತ್ರಕ್ಕೂ ಆ ದಾರಿ ಸವೆಸಲು ಎರಡೂವರೆ ಗಂಟೆ ಬೇಕೆಂಬುದು ನಮಗೆ ಹೊಳೆದದ್ದು ಎಂಟು ತಿಂಗಳ ಕೆಲಸವಾದ ಮೇಲೆ. (ಬಸ್ಸೇ ಅದಕ್ಕಿಂತ ಬೇಗ ತಲುಪಿಸುತ್ತದೆ.)

ಆಗ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಲೇಬೇಕು. ನಕ್ಷೆಯ ಉದ್ದ ಅಗಲಗಳನ್ನು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಿ, ಎತ್ತರವನ್ನು ಮುಟ್ಟದೆ ಬಿಟ್ಟೆ. ನೂರು ಮೀಟರಿಗೆ 9 ಮೀಟರ್ ಏರುತ್ತಿದ್ದ, ಐದು ಡಿಗ್ರಿಯ ಸೌಮ್ಯವಾದ ಇಳಿಜಾರು ಹತ್ತೇ ಮೀಟರಿಗೆ 9 ಮೀಟರ್ ಏರತೊಡಗಿತು. ಅಂದರೆ 42 ಡಿಗ್ರಿ. ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಪಾತ್ರ ಹತ್ತಬಲ್ಲ ಇಳಿಜಾರಿನ ಮಿತಿ, ನಾವಾಗಿ ಬದಲಿಸದಿದ್ದರೆ, 45 ಡಿಗ್ರಿ ಇರುತ್ತದೆ. ಹಾಗಾಗಿ ಮೊದಲೇ ತುಸು ಕಡಿದಾಗಿದ್ದ ದಾರಿಗಳೆಲ್ಲ ಗೋಡೆಗಳಾದವು, ಹೊಳೆಗಳು ಜಲಪಾತಗಳಾದವು, ಕೈಯಾರೆ ಜೋಡಿಸಿದ ನಲವತ್ತು ಹಳ್ಳಿಗಳ ಮನೆಗಳು ಒಂದು ಪಕ್ಕ ಮಣ್ಣಿನಲ್ಲಿ ಹೂತು ಇನ್ನೊಂದು ಪಕ್ಕ ಗಾಳಿಯಲ್ಲಿ ನಿಂತವು. ಗಾಬರಿಯಿಂದ ಎತ್ತರವನ್ನೂ ಹತ್ತರಿಂದ ಭಾಗಿಸಿದೆ. ಬೆಟ್ಟ 30 ಮೀಟರಿನ ದಿಬ್ಬವಾಗಿ, ಅದರ ನೆತ್ತಿಯ ಗೋಪುರವೇ ಬೆಟ್ಟಕ್ಕಿಂತ ದೊಡ್ಡದಾಗಿ ಕಂಡಿತು. ಆ ವಾರವೇ ಒಬ್ಬ ಗೆಳೆಯ ಕೆಲಸ ಬಿಟ್ಟು ಊರಿಗೆ ಹೋದ.

ಕೊನೆಗೆ ನೆಲವನ್ನು ಹತ್ತರಿಂದ, ಎತ್ತರವನ್ನು ಎರಡರಿಂದ ಮಾತ್ರ ಭಾಗಿಸಿ, ದಾರಿಗಳನ್ನೆಲ್ಲ ತಿರುವು ತಿರುವಾಗಿ ಹೊಸದಾಗಿ ಕಡಿದೆವು. ಈಗ ಪಟ್ಟಣದಿಂದ ಪಟ್ಟಣಕ್ಕೆ ನೇರ ಓಡಿದರೆ ಹದಿನೈದು ನಿಮಿಷ, ತಿರುವುಗಳಿಂದಾಗಿ ಇನ್ನೂ ಹೆಚ್ಚು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲವೆಂದು ನನಗೆ ಅನಿಸುತ್ತದೆ. 2011ರ ಫ್ಯಾಂಟಸಿ ವಿಡಿಯೊ ಆಟ ಸ್ಕೈರಿಮ್‌ನ ನಕ್ಷೆ ಸುಮಾರು 37 ಚದರ ಕಿಲೋಮೀಟರ್, ಮೈಸೂರು ನಗರಕ್ಕಿಂತ ಚಿಕ್ಕದು. ಆದರೂ ಅದು ಒಂದು ನಾಡೆನಿಸುವುದು ಬೆಟ್ಟಸಾಲುಗಳು ಮುಂದಿನ ಕಣಿವೆಯನ್ನು ಮರೆಮಾಡುವುದರಿಂದ, ಮತ್ತು ಅಲ್ಲಿಯ ಒಂದು ದಿನ ನಮ್ಮ 72 ನಿಮಿಷಗಳಲ್ಲೇ ಮುಗಿಯುವುದರಿಂದ. ಹತ್ತು ನಿಮಿಷ ನಡೆದರೆ ಅಲ್ಲಿ ಮೂರು ಗಂಟೆಗೂ ಮಿಕ್ಕಿ ಹೊತ್ತು ಸರಿದು, ಬೆಳಿಗ್ಗೆ ಹೊರಟವನ ನೆರಳು ಮೋಟಾಗಿರುತ್ತದೆ.

ಮೂರು ಹವಾಮಾನಗಳನ್ನಂತೂ ಕೈಬಿಡಿ. ಸಾವಿರ ಮೀಟರ್ ಏರಿದರೆ ಉಷ್ಣತೆ ಇಳಿಯುವುದು ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಮಾತ್ರ. ಮಳೆಕಾಡಿನ ಪಕ್ಕದ ಪುಟ್ಟ ಗುಡ್ಡದ ಮೇಲೆ ಹಿಮ ಬೀಳುವುದಿಲ್ಲ. ಅದರ ಬದಲು ಹಸಿ ನಾಡು, ಒಣ ನಾಡು ಎರಡಕ್ಕೂ ಒಂದು ಬೆಟ್ಟಸಾಲು, ಒಂದು ದಿಕ್ಕಿನ ಗಾಳಿ ಸಾಕು. ಪಶ್ಚಿಮ ಘಟ್ಟಕ್ಕೆ ತಾಗಿದ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಘಟ್ಟದ ಮರೆಯಲ್ಲಿರುವ ಮೈಸೂರಿಗೆ ದಕ್ಕುವುದು ಅಂದಾಜು 800. ಮರಳು ಬೇಕೇಬೇಕೆಂದರೆ ಒಮ್ಮೆ ತಲಕಾಡಿಗೆ ಹೋಗಿಬನ್ನಿ: ಅಲ್ಲಿ ದೇವಾಲಯಗಳನ್ನು ಮುಚ್ಚಿದ ಮರಳು ದಿಬ್ಬಗಳು ತುಂಬಿ ಹರಿಯುವ ಕಾವೇರಿಯ ದಂಡೆಯಲ್ಲೇ ಇವೆ.