1848ರ ದಂಗೆಯ ನಂತರ ಪ್ಯಾರಿಸ್ಸಿನ ನಿರುದ್ಯೋಗಿಗಳನ್ನು ಅಲ್ಜೀರಿಯಾಕ್ಕೆ ಕಳಿಸಿದ್ದರಿಂದ ಫಲ ಸಿಕ್ಕಿತೇ?

ಪ್ಯಾರಿಸ್ಸಿನ ಒತ್ತಡ ಕೊಂಚ ಇಳಿಯಿತು; ಅಲ್ಲಿಗೆ ಹೋದವರ ಬೇಸಾಯ ಮಾತ್ರ ಬಹುಮಟ್ಟಿಗೆ ಕೈಕೊಟ್ಟಿತು.

ನಿರುದ್ಯೋಗಿಗಳಿಗೆಂದು ನಡೆಸುತ್ತಿದ್ದ, ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದ ಸರ್ಕಾರಿ ಕೂಲಿ ಯೋಜನೆಯನ್ನು ಮುಚ್ಚಲು ಸರ್ಕಾರ ಹೊರಟಾಗ ಜೂನ್ 23ರಿಂದ 26ರವರೆಗೆ ಬೀದಿಗಳಲ್ಲಿ ರಕ್ತ ಹರಿಯಿತು. ಸೆಪ್ಟೆಂಬರ್ 19ರಂದು ಶಾಸನಸಭೆ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಕೃಷಿ ವಸಾಹತುಗಳಿಗೆ 5 ಕೋಟಿ ಫ್ರಾಂಕ್ ಮಂಜೂರು ಮಾಡಿತು. ಕುಟುಂಬಕ್ಕೊಂದು ಮನೆ, 2ರಿಂದ 10 ಹೆಕ್ಟೇರ್ ಜಮೀನು, ಬೀಜ, ಸಲಕರಣೆ, ಜಾನುವಾರು, ಮೂರು ವರ್ಷದ ಪಡಿತರ ಎಂಬ ಭರವಸೆ. ಅಕ್ಟೋಬರಿನಿಂದ ದೋಣಿಗಳಲ್ಲಿ ನದಿ, ಕಾಲುವೆಗಳ ಮೂಲಕ ದಕ್ಷಿಣದ ಬಂದರು ಮಾರ್ಸೇಗೆ, ಅಲ್ಲಿಂದ ಹಡಗಿನಲ್ಲಿ ಸಾವಿರಾರು ಜನ ಹೊರಟರು.

ಇವರು ಸ್ವಇಚ್ಛೆಯಿಂದ ಹೋದವರು. ಸೆರೆಸಿಕ್ಕ ದಂಗೆಕೋರರ ಗಡೀಪಾರು ಬೇರೆಯೇ ಸಂಗತಿ. ಎರಡನ್ನೂ ಬೆರೆಸುವವರೇ ಹೆಚ್ಚು.

ತಪ್ಪಿದ್ದು ಆಯ್ಕೆಯಲ್ಲಿ. ಹೋದವರಲ್ಲಿ ಬಹುಪಾಲು ನಗರದ ಕುಶಲಕರ್ಮಿಗಳು, ನೇಗಿಲು ಹಿಡಿದವರಲ್ಲ. ಮನೆಗಳು ಸಿದ್ಧವಿರಲಿಲ್ಲ, ಮರದ ಶೆಡ್ಡುಗಳಲ್ಲಿ ಕಿಕ್ಕಿರಿದರು. ಹಳ್ಳಿಗಳ ಆಡಳಿತ ಸೇನಾಧಿಕಾರಿಗಳ ಕೈಯಲ್ಲಿತ್ತು. 1849ರಲ್ಲಿ ಕಾಲರಾ, ಜೊತೆಗೆ ಮಲೇರಿಯಾ. ಅನೇಕರು ಸತ್ತರು, ಅನೇಕರು ಹಿಂದಿರುಗಿದರು. ಆ ಜಮೀನಾದರೂ ಸ್ಥಳೀಯರನ್ನು ಯುದ್ಧದಲ್ಲಿ ಸೋಲಿಸಿ ಕಿತ್ತುಕೊಂಡದ್ದು. ಪ್ಯಾರಿಸ್ಸಿನ ಸಮಸ್ಯೆಯ ಬೆಲೆಯನ್ನು ತೆತ್ತವರಲ್ಲಿ ಅವರೂ ಇದ್ದರು.